ವತ್ಸಲತ್ತೆ ತೊಳೆದ ಸಂಪಿಗೆ

ಸಂಡೂರಿನ ಮರಗಳೆಲ್ಲ ಒಂದೇ ಬಣ್ಣದವಾಗಿದ್ದ ಕಾಲ ಅದು. ಬೇವಿರಲಿ, ಹೊಂಗೆಯಿರಲಿ, ಮಾವಿರಲಿ, ಹೊಸಪೇಟೆ ರಸ್ತೆಯ ಬದಿಗೆ ನಿಂತಿದ್ದರೆ ಸಾಕು, ಅದು ಕೆಂಪು ಮರ. ಅದಿರು ತುಂಬಿದ ಲಾರಿಗಳು ಹಗಲೆಲ್ಲ ಒಂದರ ಬೆನ್ನಿಗೆ ಒಂದು ಹೋಗುತ್ತಿದ್ದವು. ಅಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕಿ, ಆಗಾಗ ಹೋಗಿ ಕೊಡವಿ ಬರುತ್ತಿದ್ದಳು. ಹೆಪ್ಪು ಹಾಕಿದ ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿ, ಅದರ ಮೇಲೆ ಮತ್ತೆ ಬಟ್ಟೆ ಕಟ್ಟಬೇಕಿತ್ತು. ಶಾಲೆಯಲ್ಲಿ ಯಾರ ಬಿಳಿ ಅಂಗಿಯೂ ಬಿಳಿಯಾಗಿ ಉಳಿದಿರಲಿಲ್ಲ, ಹಾಗಾಗಿ ಕೊಳೆ ಅಂಗಿಗೆಂದು ಯಾರೂ ಬೈಸಿಕೊಳ್ಳುತ್ತಿರಲಿಲ್ಲ. ಮಕ್ಕಳಾದ ನಮಗೆ ಅದೊಂದು ಕಷ್ಟ ಎಂದೇ ಅನ್ನಿಸಿರಲಿಲ್ಲ. ಲೋಕವಿರುವುದೇ ಹಾಗೆ ಅಂದುಕೊಂಡಿದ್ದೆವು.

ಅಪ್ಪ ಗಣಿಯೊಂದರ ಆಫೀಸಿನಲ್ಲಿ ಗುಮಾಸ್ತ. ನಮ್ಮದು ಬಾಡಿಗೆ ಮನೆ. ಹಿತ್ತಲಲ್ಲಿ ಒಂದು ಮರವಿತ್ತು. ಮಾಳಿಗೆಗಿಂತ ತುಸು ಎತ್ತರಕ್ಕೆ ಬೆಳೆದಿದ್ದರೂ ಅದು ಯಾವ ಮರವೆಂದು ಯಾರಿಗೂ ಗೊತ್ತಿರಲಿಲ್ಲ. ನಮಗಿಂತ ಮೊದಲು ಆ ಮನೆಯಲ್ಲಿದ್ದವರೊಬ್ಬರು ಎಲ್ಲಿಂದಲೋ ಸಸಿ ತಂದು ನೆಟ್ಟು, ವರ್ಗವಾಗಿ ಹೋಗಿದ್ದರಂತೆ. ಅದು ಹೂ ಬಿಟ್ಟದ್ದನ್ನು, ಕಾಯಿ ಕಚ್ಚಿದ್ದನ್ನು ಕಂಡವರಿಲ್ಲ. ಅಮ್ಮನಿಗಂತೂ ಅದರ ಮೇಲೆ ಮುಗಿಯದ ಸಿಟ್ಟು. ಎಲೆ ಉದುರಿ ಬಚ್ಚಲಿನ ಮೋರಿ ಕಟ್ಟುತ್ತದೆ, ಒಣಹಾಕಿದ ಬಟ್ಟೆಗೆ ಬಿಸಿಲು ತಾಗುವುದಿಲ್ಲ, ಗಾಳಿ ಬೀಸಿದರೆ ಕೊಂಬೆಯ ಮೇಲಿನ ಧೂಳೆಲ್ಲ ನೇರ ಅಡುಗೆಮನೆಗೆ. ಮನೆಯ ಮಾಲೀಕ ಜಂಬಣ್ಣನವರ ಬೆನ್ನು ಹತ್ತಿ ಹತ್ತಿ ಕೊನೆಗೂ ಅವರನ್ನು ಒಪ್ಪಿಸಿದ್ದಳು.

"ಬಂಡ್ರಿಯಿಂದ ಒಬ್ಬ ಆಳು ಬರ್ತಾನ್ರೀ ಅಮ್ಮಾರ. ಯುಗಾದಿ ಒಳಗ ಕಡಿಸಿ ಹಾಕಿಬಿಡ್ತೀನಿ" ಎಂದಿದ್ದರು ಜಂಬಣ್ಣ.

ಆ ವರ್ಷ ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ್ದಾಗ ವತ್ಸಲತ್ತೆ ನಮ್ಮ ಮನೆಗೆ ಬಂದಳು. ಅಪ್ಪನ ಒಬ್ಬಳೇ ತಂಗಿ. ಹೊಸಪೇಟೆಯಲ್ಲಿ ಅಜ್ಜಿಯ ಜೊತೆ ಇದ್ದುಕೊಂಡು ಅಲ್ಲೇ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ನಮ್ಮ ಬಂಧುಬಳಗದಲ್ಲಿ ವತ್ಸಲತ್ತೆ ಅಂದರೆ ಮೊದಲು ನೆನಪಾಗುವುದು ಅವಳ ಮೂಗು. ನೀಳವಾಗಿ, ತಿದ್ದಿ ಇಟ್ಟಂತೆ ಇದ್ದ ಮೂಗು. ಯಾವ ಮದುವೆಮನೆಗೆ ಹೋದರೂ ಯಾರಾದರೊಬ್ಬರು ಅವಳ ಗದ್ದ ಹಿಡಿದು ಎತ್ತಿ, "ಎಷ್ಟು ಚಂದ ಸಂಪಿಗಿ ಮೂಗು ನೋಡ್ರಿ ಈಕೀದು" ಅನ್ನುತ್ತಿದ್ದರು.

ಸಂಕ್ರಾಂತಿಯ ಹೊತ್ತಿಗೆ ಅವಳು ಗೆಳತಿಯ ಸ್ಕೂಟರಿನ ಹಿಂದೆ ಕೂತು ಹೋಗುವಾಗ ಬಿದ್ದು ತಲೆಯ ಹಿಂಭಾಗಕ್ಕೆ ಪೆಟ್ಟು ಮಾಡಿಕೊಂಡಿದ್ದಳು. ಗಾಯ ಬೇಗ ಮಾಯಿತು. ಆದರೆ ಮನೆಗೆ ಬಂದ ಮೇಲೆ ಗೊತ್ತಾಯಿತು, ಅವಳಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಬಳ್ಳಾರಿಯ ಡಾಕ್ಟರು, "ಬಂದರೆ ಬರಬಹುದು, ಬರದೆಯೂ ಇರಬಹುದು, ಕಾದು ನೋಡಿ" ಎಂದು ಕಳಿಸಿದ್ದರು. ಈಗಾದರೆ, ಕೊರೊನಾ ಬಂದುಹೋದ ಮೇಲೆ, ಇದೆಂಥ ಅವಸ್ಥೆ ಎಂದು ಎಲ್ಲರಿಗೂ ಗೊತ್ತು. ಆಗ ಯಾರಿಗೂ ಅದು ಕಾಯಿಲೆ ಅನ್ನಿಸುತ್ತಿರಲಿಲ್ಲ. ಕಣ್ಣು ಹೋದರೆ ಅಯ್ಯೋ ಅನ್ನುವವರು ಮೂಗು ಹೋಯಿತು ಅಂದರೆ ನಗುತ್ತಿದ್ದರು.

ಅಜ್ಜಿ ಮಾತ್ರ ನಗಲಿಲ್ಲ. ಒಂದು ಬೆಳಿಗ್ಗೆ ಗ್ಯಾಸಿನ ಉರಿ ಆರಿಹೋಗಿ ಗ್ಯಾಸು ಹಾಗೇ ಹೊರಬರುತ್ತಿದ್ದಾಗ ವತ್ಸಲತ್ತೆ ಅದೇ ಅಡುಗೆಮನೆಯಲ್ಲಿ ಕೂತು ಪಾಠದ ತಯಾರಿ ಮಾಡಿಕೊಳ್ಳುತ್ತಿದ್ದಳಂತೆ. ಅಜ್ಜಿ ಸ್ನಾನ ಮುಗಿಸಿ ಬಂದದ್ದಕ್ಕೆ ಬಚಾವು. ಅವತ್ತಿನಿಂದ ಅವಳನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಇನ್ನೊಂದು ಚಿಂತೆಯೂ ಇತ್ತು. ಕಂಪ್ಲಿಯಿಂದ ಒಂದು ಸಂಬಂಧ ಬಂದಿತ್ತು. ಜಾತಕ ಕೂಡಿತ್ತು. ಹುಡುಗ ಬಂದು ನೋಡುವುದೊಂದು ಬಾಕಿ. "ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಬ್ಯಾಸಗಿ ಕಳೀಲಿ, ತಾನಾಗೇ ಬರ್ತದ" ಎಂದು ಎಲ್ಲರಿಗೂ ತಾಕೀತು ಮಾಡಿ, ಶಾಲೆಗೆ ರಜೆ ಹಾಕಿಸಿ, ಅವಳನ್ನು ನಮ್ಮ ಮನೆಗೆ ಕಳಿಸಿದ್ದಳು. ಸುತ್ತ ಗುಡ್ಡವಿರುವ ಊರಿನ ಗಾಳಿಗೆ ಗುಣವಾದೀತು ಅನ್ನುವುದು ಅಜ್ಜಿಯ ಲೆಕ್ಕ. ಸಂಡೂರಿನ ಆಗಿನ ಗಾಳಿ ಎಂಥದೆಂದು ಅವಳಿಗೆ ಗೊತ್ತಿರಲಿಲ್ಲ!

ಬಂದ ಹೊಸದರಲ್ಲಿ ಅತ್ತೆ ಮಾತಾಡುತ್ತಲೇ ಇರಲಿಲ್ಲ. ಹಿತ್ತಲಿನ ಕಟ್ಟೆಯ ಮೇಲೆ ಕೂತು ಗೋಡೆ ನೋಡುತ್ತಿದ್ದಳು. ಅಮ್ಮ ಅವಳಿಗೆ ಇಷ್ಟವೆಂದು ಮಂಡಕ್ಕಿ ಒಗ್ಗರಣೆ ಮಾಡಿ, ಮಿರ್ಚಿ ಕರಿದು ಕೊಟ್ಟಳು. ಅತ್ತೆ ಎರಡು ತುತ್ತು ತಿಂದು ತಟ್ಟೆ ಸರಿಸಿದಳು.

"ಯಾಕ, ಉಪ್ಪು ಕಡಿಮಿ ಆಗೇದೇನು?" ಎಂದಳು ಅಮ್ಮ.

"ಇಲ್ಲ ವೈನಿ. ಉಪ್ಪು ತಿಳೀತದ, ಹುಳಿ ತಿಳೀತದ, ಖಾರಾನೂ ತಿಳೀತದ. ಆದ್ರ ಸಾರು ಸಾರು ಅನಸೂದಿಲ್ಲ, ಒಗ್ಗರಣಿ ಒಗ್ಗರಣಿ ಅನಸೂದಿಲ್ಲ. ಎಲ್ಲಾ ಒಂದ ಕಾಗದ ತಿಂದಂಗ."

ಅಮ್ಮ ಒಳಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಐದನೇ ಕ್ಲಾಸಿನ ಹುಡುಗಿ ನಾನು. ನನಗೆ ಏನು ಮಾಡಬೇಕೋ ತಿಳಿಯದೆ ಅತ್ತೆಯ ತಟ್ಟೆಯಲ್ಲಿ ಉಳಿದಿದ್ದ ಮಿರ್ಚಿ ತಿಂದು ಮುಗಿಸಿದೆ.

ಅದಾಗಿ ಕೆಲವು ದಿನಕ್ಕೆ ಜಂಬಣ್ಣ ಬಂಡ್ರಿಯ ಆಳನ್ನು ಕರೆದುಕೊಂಡು ಬಂದರು. ಆತ ಮರದ ಸುತ್ತ ಒಮ್ಮೆ ಓಡಾಡಿ, ಯಾವ ಕಡೆಗೆ ಬೀಳಿಸಬೇಕೆಂದು ನೋಡುತ್ತಿದ್ದ. ಕಟ್ಟೆಯ ಮೇಲಿದ್ದ ಅತ್ತೆ ತಲೆ ಎತ್ತಿದಳು.

"ಯಾವ ಗಿಡಾರೀ ಇದು?"

"ಯಾವುದೋ ಕಾಡುಗಿಡ ಐತ್ರೀ" ಎಂದರು ಜಂಬಣ್ಣ.

"ಕಾಡುಗಿಡಕ್ಕೂ ಹೆಸರು ಇರ್ತದಲ್ರೀ."

"ಇರ್ತೈತ್ರಿ. ನಮಗ ಗೊತ್ತಿಲ್ಲ."

"ಬಾದಾಮಿ ಜಾತೀದು ಇರಬೇಕು ಬಿಡು ವತ್ಸಲಾ" ಎಂದಳು ಅಮ್ಮ, ಹೇಗಾದರೂ ಕೆಲಸ ಮುಗಿಯಲಿ ಎಂಬಂತೆ.

ಅತ್ತೆ ಎದ್ದು ಬಂದು ಮರದ ಕಾಂಡದ ಮೇಲೆ ಕೈಯಿಟ್ಟಳು. "ಯಾವ ಗಿಡ ಅಂತ ತಿಳಕೊಳ್ಳದ ಕಡೀಬಾರದು ನೋಡ್ರಿ. ನನಗ ಯುಗಾದಿ ತನಕ ಟೈಮ್ ಕೊಡ್ರಿ. ಆಮ್ಯಾಲೆ ನಿಮ್ಮ ಇಷ್ಟ" ಎಂದಳು. ಕ್ಲಾಸಿನಲ್ಲಿ ಹುಡುಗರಿಗೆ ಹೇಳುವಾಗಿನ ದನಿ ಅದು. ನಮ್ಮ ಮನೆಗೆ ಬಂದ ಮೇಲೆ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು. ಹಾಗಾಗಿ ಅಮ್ಮನೂ ಇಲ್ಲವೆನ್ನಲಿಲ್ಲ. ಆಳು ಬೀಡಿ ಹಚ್ಚಿಕೊಂಡು ಹೊರಟುಹೋದ.

ಮರುದಿನ ಶನಿವಾರ, ನನಗೆ ಬೆಳಗಿನ ಶಾಲೆ. ಮನೆಗೆ ಬಂದಾಗ ಅತ್ತೆ ಬಕೆಟ್ಟಿನಲ್ಲಿ ನೀರಿಟ್ಟುಕೊಂಡು, ಹಳೆಯ ಬನಿಯನ್ ಹರಿದು ಎರಡು ತುಂಡು ಮಾಡಿ ಕಾಯುತ್ತಿದ್ದಳು. "ಬಾ ಸುಮಿ, ಗಿಡಕ್ಕ ಎರಿಯೋಣ" ಎಂದಳು. ನಾವಿಬ್ಬರೂ ಕೈಗೆಟಕುವ ಕೊಂಬೆಯ ಒಂದೊಂದೇ ಎಲೆಯನ್ನು ಒರೆಸತೊಡಗಿದೆವು. ಬಕೆಟ್ಟಿನ ನೀರು ಕುಂಕುಮದ ನೀರಾಯಿತು. ಪಕ್ಕದ ಮನೆಯ ಖತೀಜಾಬಿ ಗೋಡೆಯ ಮೇಲಿಂದ ಇಣುಕಿ, "ಗಿಡಕ್ಕ ಸ್ನಾನ ಮಾಡಸಾಕತ್ತೀರೇನ್ ಟೀಚರಮ್ಮ? ನಾಳೆ ಲಾರಿ ಬಂದ್ರ ಮತ್ತ ಹಂಗೇ ಆಗ್ತೈತಿ" ಎಂದು ನಕ್ಕಳು.

ಆ ಕೆಂಪಿನ ಕೆಳಗೆ ಎಂಥ ಹಸಿರು! ಮಿರಮಿರ ಮಿಂಚುವ ಎಲೆ. ಅಂಚು ಸ್ವಲ್ಪ ಅಲೆಅಲೆ, ತುದಿ ನೀಳವಾಗಿ ಎಳೆದಂತೆ ಚೂಪು. ದಿನವೂ ಆ ಮರದ ಕೆಳಗೆ ಕುಂಟೆಬಿಲ್ಲೆ ಆಡುತ್ತಿದ್ದ ನಾನು ಅದರ ಎಲೆಯನ್ನು ಅವತ್ತು ಮೊದಲ ಸಲ ನೋಡಿದೆ.

ಅತ್ತೆ ನನ್ನ ಬೆರಳು ಹಿಡಿದು ಒಂದು ಎಳೆಯ ಟೊಂಗೆಯ ಮೇಲೆ ಓಡಿಸಿದಳು. "ಏನು ಸಿಗತದ ಹೇಳು."

"ಗೀರು. ಸುತ್ತಲೂ ಒಂದು ಗೀರು ಅದ. ಇಲ್ಲೂ ಅದ."

"ಕೈಗೆ ಬಳಿ ಇಟ್ಟಂಗ ಅಲ್ಲೇನು? ಎಲ್ಲೆಲ್ಲಿ ಎಲಿ ಹುಟ್ಟೇದೋ ಅಲ್ಲೆಲ್ಲಾ ಒಂದು ಬಳಿ." ಆಮೇಲೆ ಟೊಂಗೆಯ ತುದಿ ತೋರಿಸಿದಳು. ಅಲ್ಲಿ ಬೆಕ್ಕಿನ ಕಿವಿಯಂತೆ ನುಣ್ಣನೆಯ ರೋಮವಿದ್ದ ಒಂದು ಮೊನೆ. ನಾನು ಮೊಗ್ಗು ಅಂದುಕೊಂಡೆ. ಅವಳು ಉಗುರಿನಿಂದ ಮೆಲ್ಲಗೆ ಬಿಡಿಸಿದಾಗ ಒಳಗೆ ಮಡಿಸಿಕೊಂಡ ಪುಟ್ಟ ಎಲೆ, ಅದರ ಪಕ್ಕ ಮತ್ತೆ ಇನ್ನೊಂದು ಸಣ್ಣ ಟೊಪ್ಪಿಗೆ. "ಕೂಸಿಗೆ ಕುಲಾವಿ ಹಾಕಿದಂಗ ಎಳೀ ಎಲಿಗೆ ಟೊಪಗಿ. ಎಲಿ ಬಿಚ್ಚಿದ ಮ್ಯಾಲೆ ಟೊಪಗಿ ಬಿದ್ದು ಹೋಗ್ತದ. ಅದು ಬಿದ್ದ ಗುರ್ತ ಈ ಬಳಿ." ಅತ್ತೆ ಟೊಂಗೆಯನ್ನು ಇನ್ನೊಮ್ಮೆ ತಿರುಗಿಸಿ ನೋಡಿ, "ಇದು ಸಂಪಿಗಿ ಇರಬೇಕು" ಎಂದಳು.

ಅಮ್ಮ ನಂಬಲಿಲ್ಲ. "ಸಂಪಿಗಿ ಆಗಿದ್ರ ಇಷ್ಟು ವರ್ಷಕ್ಕ ಒಂದಾದ್ರೂ ಹೂವು ಬಿಡತಿದ್ದಿಲ್ಲೇನು?"

"ಬೀಜದಿಂದ ಬಂದ ಸಂಪಿಗಿ ಹೂ ಬಿಡಲಿಕ್ಕೆ ಭಾಳ ವರ್ಷ ತಗೋತದ ವೈನಿ. ಅದರಾಗ ಈ ಧೂಳಿನ್ಯಾಗ ಪಾಪ ಅದು ಉಸಿರಾಡೂದ ಹೆಚ್ಚು."

ಖಾತ್ರಿ ಮಾಡಿಕೊಳ್ಳಲು ಅವಳು ಒಂದು ಎಲೆಯನ್ನು ಹೊಸಕಿ ಮೂಗಿಗೆ ಹಿಡಿದಳು. ಅಭ್ಯಾಸಬಲ. ಹಿಡಿದ ಕೈ ಅಲ್ಲೇ ನಿಂತಿತು. ಆಮೇಲೆ ಆ ಎಲೆಯನ್ನು ನನ್ನ ಕಡೆ ಚಾಚಿದಳು.

"ನೀ ಹೇಳು. ಹೆಂಗದ ವಾಸನಿ?"

"ಎಲಿ ವಾಸನಿ."

ಅತ್ತೆ ನಕ್ಕುಬಿಟ್ಟಳು. "ಲೇ, ಎಲಿಗೆ ಎಲಿ ವಾಸನೀನ ಇರ್ತದ. ಯಾವುದರಂಗ ಅದ ಅಂತ ಹೇಳು. ನೀ ಹೇಳಿದ್ದು ಕೇಳಿ ನನ್ನ ತಲಿಯೊಳಗ ಆ ವಾಸನಿ ಏಳಬೇಕು."

ನಾನು ಮತ್ತೆ ಮೂಸಿದೆ. "ಹಸಿ ಮಾವಿನಕಾಯಿ ತೊಟ್ಟು ಮುರಿದಂಗ. ಆದ್ರ ಅಷ್ಟು ಚುರುಕು ಇಲ್ಲ. ಸ್ವಲ್ಪ ಸ್ವಲ್ಪ ಮೆಣಸಿನಕಾಳು."

"ಹಾಂ. ಹಿಂಗ ಹೇಳಬೇಕು."

ಅಲ್ಲಿಂದ ಶುರುವಾದದ್ದು ನಮ್ಮಿಬ್ಬರ ಆಟ. ಅತ್ತೆ ಏನಾದರೂ ತಂದು ಮೂಗಿನ ಮುಂದೆ ಹಿಡಿಯುತ್ತಿದ್ದಳು, ನಾನು ಹೇಳಬೇಕು. ಚಲೋ ಅದ, ಕೆಟ್ಟ ಅದ ಅನ್ನುವಂತಿಲ್ಲ. ಆ ವಸ್ತುವಿನ ಹೆಸರೂ ಹೇಳುವಂತಿಲ್ಲ. ಇಂಗಿಗೆ ನಾನು, "ಮುದುಕರ ಕೆಮ್ಮು" ಎಂದಾಗ ಅಮ್ಮ ಒಳಗಿನಿಂದಲೇ ನಕ್ಕಳು. ಅಪ್ಪನ ಆಫೀಸಿನ ಅಂಗಿಯ ಮೇಲಿನ ಧೂಳಿಗೆ ನೀರು ಬಿದ್ದಾಗಿನ ವಾಸನೆಗೆ, "ಹಳೇ ಕೀಲಿಕೈ ಬಿಗಿಯಾಗಿ ಹಿಡಕೊಂಡು, ಆಮ್ಯಾಲೆ ಕೈ ಮೂಸಿದಂಗ" ಎಂದೆ. ಆ ದಿನ ಅತ್ತೆ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡು ನೆತ್ತಿಗೆ ಮುತ್ತಿಟ್ಟಳು. ಶಾಲೆಯಲ್ಲೂ ನಾನು ಸೀಮೆಸುಣ್ಣ, ರಬ್ಬರು, ಗೆಳತಿಯರ ಬುತ್ತಿ, ಕಂಡದ್ದನ್ನೆಲ್ಲ ಮೂಸತೊಡಗಿದೆ. "ನಾಯಿ ಹಂಗ ಮೂಸ್ತಾಳಲೇ ಇಕಿ" ಎಂದು ಹುಡುಗರು ಅಣಕಿಸಿದರು. ನನಗೇನೂ ಅನ್ನಿಸಲಿಲ್ಲ. ಸಂಜೆ ಮನೆಗೆ ಒಯ್ಯಲು ಏನಾದರೂ ಬೇಕಿತ್ತು.

ಅತ್ತೆ ಮೆಲ್ಲಮೆಲ್ಲಗೆ ಉಣ್ಣತೊಡಗಿದಳು. ತುತ್ತು ಬಾಯಿಗಿಡುವ ಮೊದಲು ನನ್ನ ಮುಖ ನೋಡುತ್ತಿದ್ದಳು. ಸಾರಿಗೆ ಬಿದ್ದ ಒಗ್ಗರಣೆ ಹೇಗಿದೆಯೆಂದು ನಾನು ಹೇಳಬೇಕು, ಅವಳು ಕಣ್ಣು ಮುಚ್ಚಿ ಅಗಿಯಬೇಕು.

ದಿನವೂ ಸಂಜೆ ನಾವು ಆ ಕೊಂಬೆಯನ್ನು ಒರೆಸುತ್ತಿದ್ದೆವು. ಅಪ್ಪ ಆಫೀಸಿನಿಂದ ಬಂದು ಏಣಿ ಹಾಕಿ ಮೇಲಿನ ಕೊಂಬೆಗಳಿಗೆ ನೀರು ಎರಚುತ್ತಿದ್ದರು. ಅತ್ತೆ ಆಗ ಹೇಳುತ್ತಿದ್ದ ಸಂಗತಿಗಳು ನನಗೆ ಕತೆಯಂತೆ ಕೇಳುತ್ತಿದ್ದವು. ಸಂಪಿಗೆಯದು ಭೂಮಿಯ ಮೇಲಿನ ಬಹಳ ಹಳೆಯ ಕುಲವಂತೆ. ಜೇನುನೊಣ ಹುಟ್ಟುವ ಮೊದಲೇ ಅದರ ಪೂರ್ವಜರು ಹೂ ಬಿಡುತ್ತಿದ್ದರಂತೆ. ಆಗ ಹೂವಿನ ಮನೆಗೆ ಬರುತ್ತಿದ್ದ ನೆಂಟರೆಂದರೆ ಗಟ್ಟಿ ಬೆನ್ನಿನ ಸಣ್ಣ ಸಣ್ಣ ಹುಳುಗಳು ಮಾತ್ರ. "ಹಿಮ ಬೀಳೋ ದೇಶದಾಗ ಇದರ ಅಕ್ಕತಂಗೇರು ಅದಾರ, ಮ್ಯಾಗ್ನೋಲಿಯಾ ಅಂತಾರ. ಚಳಿ ಮುಗಿಯೂದ ತಡ, ಇನ್ನೂ ಒಂದು ಎಲಿ ಬಂದಿರೂದಿಲ್ಲ, ಬರೀ ಕೊಂಬಿ ತುಂಬ ಹೂ. ಗಿಡದ ಮ್ಯಾಲೆ ತಾವರಿ ಕೂತಂಗ ಕಾಣಸ್ತಾವ ಅಂತ. ಚಿತ್ರದಾಗ ನೋಡೀನಿ ಅಷ್ಟ." ಎಲೆಯಿಲ್ಲದ ಮರದ ಮೇಲೆ ತಾವರೆ ಕೂತದ್ದನ್ನು ಊಹಿಸಿಕೊಳ್ಳುತ್ತ ನಾನು ಬನಿಯನ್ ಹಿಂಡುತ್ತಿದ್ದೆ.

ಯುಗಾದಿ ಇನ್ನೇನು ಬಂದೇಬಿಟ್ಟಿತು ಅನ್ನುವಾಗ ಅತ್ತೆ ಎಲೆಯ ಕಂಕುಳಲ್ಲಿ ಒಂದು ಮೊಗ್ಗು ಹುಡುಕಿದಳು. ಅದು ಎಲೆಯ ಮೊನೆಯಂತಿರಲಿಲ್ಲ, ನಡು ತುಂಬಿಕೊಂಡಿತ್ತು. ಒಂದೇ ಅಲ್ಲ, ಮೇಲೆ ಇನ್ನೂ ಕೆಲವು ಇದ್ದವು. ಅದು ಅರಳುವುದಕ್ಕೂ ನನಗೆ ಪರೀಕ್ಷೆ ಮುಗಿಯುವುದಕ್ಕೂ ಸರಿಹೋಯಿತು. ಆ ಬೆಳಿಗ್ಗೆ ಬಾಯಿ ಮುಕ್ಕಳಿಸಲು ಹಿತ್ತಲಿಗೆ ಹೋದವಳು ಅಲ್ಲೇ ನಿಂತೆ. ಗಾಳಿಯಲ್ಲಿ ಏನೋ ಇತ್ತು. ಕಣ್ಣಿಗೆ ಕಾಣುವ ಮೊದಲೇ ಮೂಗಿಗೆ ಸಿಕ್ಕಿತ್ತು. "ಅತ್ತೀ!" ಎಂದು ಕೂಗುತ್ತ ಒಳಗೆ ಓಡಿದೆ.

ಅವಳು ಬಂದು ಕೊಂಬೆ ಬಗ್ಗಿಸಿ ಹೂ ಕೊಯ್ದಳು. ಉದ್ದ ಎಸಳುಗಳು ಆಗಷ್ಟೇ ಬಿರಿದಿದ್ದವು. ಬುಡದಲ್ಲಿ ತಿಳಿಹಳದಿ, ತುದಿಗೆ ಹೋದಂತೆ ಕಿತ್ತಳೆ. ಅತ್ತೆ ಎಸಳುಗಳನ್ನು ಸರಿಸಿ ತೋರಿಸಿದಳು. ನಡುವೆ ಪುಟ್ಟದೊಂದು ಜೋಳದ ತೆನೆ ನಿಂತಂತೆ ಹಸಿರು ಕಂಬ, ಅದರ ಬುಡಕ್ಕೆ ಒತ್ತಾಗಿ ಕೇಸರಗಳು. "ಸಂಪಿಗಿನ. ಇನ್ನ ಅನುಮಾನ ಇಲ್ಲ" ಎಂದು ಹೂವನ್ನು ನನ್ನ ಕೈಗೆ ಕೊಟ್ಟು, ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತಳು. "ಹೇಳು."

ನಾನು ಹೇಳಿದೆ. ಹೊಸಪೇಟೆಯಲ್ಲಿ ಬಾಳೆಗೊನೆ ತುಂಬಿದ ಗಾಡಿಯ ಹಿಂದೆ ನಡೆದು ಹೋಗುವಂತೆ, ಆದರೆ ಬಾಳೆಯಷ್ಟು ಮೆತ್ತಗಿಲ್ಲ. ಚಹಾಪುಡಿಯ ಡಬ್ಬಿಯ ಮುಚ್ಚಳ ತೆಗೆದಂತೆ. ಅಜ್ಜಿ ರೇಷ್ಮೆ ಸೀರೆ ತೆಗೆಯಲೆಂದು ಟ್ರಂಕು ತೆರೆದಾಗ ನಾವು ಹಿಂದೆ ನಿಂತಿರುತ್ತೇವಲ್ಲ, ಹಾಗೆ. ಒಮ್ಮೆಲೇ ಬರುತ್ತದೆ, ಗಂಟಲಿನ ತನಕ ಇಳಿಯುತ್ತದೆ, ಇನ್ನೊಂದು ಸಲ ಮೂಸಿದರೆ ತಲೆ ಸ್ವಲ್ಪ ಭಾರ. ಹೇಳುತ್ತ ಹೇಳುತ್ತ ನೋಡಿದರೆ ಅತ್ತೆಯ ಮುಚ್ಚಿದ ಕಣ್ಣಿಂದ ನೀರು ಇಳಿಯುತ್ತಿತ್ತು.

"ಬಂತು ಸುಮಿ. ಬಂತು, ಬಂತು" ಎಂದಳು.

ಅವಳು ಹೇಳಿದ್ದು ಆ ವಾಸನೆಯ ನೆನಪು ಬಂತೆಂದು. ಬಚ್ಚಲಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಕೇಳಿಸಿಕೊಂಡದ್ದು ವಾಸನೆ ಬಂತೆಂದು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಅವಳು ಎಸ್‌ಟಿಡಿ ಬೂತಿಗೆ ಓಡಿದ್ದು ನಮಗೆ ತಿಳಿಯಲೇ ಇಲ್ಲ. ತಿರುಗಿ ಬರುವಾಗ ಅವಳ ಮುಖ ಅರಳಿತ್ತು. ಹೊಸಪೇಟೆಗೆ ಸುದ್ದಿ ಮುಟ್ಟಿಯಾಗಿತ್ತು. ಅತ್ತೆ ನಿಜ ಹೇಳಿದಾಗ ಅಮ್ಮ ಕಟ್ಟೆಯ ಮೇಲೆ ಕುಸಿದು ಕೂತಳು.

"ನಿಮ್ಮ ಅವ್ವಾರು ಫೋನಿನಾಗ ಅತ್ತುಬಿಟ್ರು ವತ್ಸಲಾ. ಕಂಪ್ಲಿಯವ್ರಿಗೆ ಇವತ್ತ ಹೇಳಿ ಕಳಸ್ತೀನಿ ಅಂದ್ರು. ಈಗ ಮತ್ತ ಇಲ್ಲಾ ಅಂತ ಹೆಂಗ ಹೇಳ್ಲಿ?"

ಅಪ್ಪ ಬಂದ ಮೇಲೆ ಚರ್ಚೆಯಾಯಿತು. ಅಪ್ಪ ಯಾರ ಮನಸ್ಸನ್ನೂ ನೋಯಿಸಲಾರದವರು. "ಬಂದು ನೋಡಿ ಹೋಗ್ಲಿ ಬಿಡು. ಅಷ್ಟರಾಗ ಖರೇನೂ ವಾಸನಿ ಬಂದ್ರೂ ಬರಬಹುದು" ಎಂದರು. ಅತ್ತೆ ಬಕೆಟ್ಟು ಎತ್ತಿಕೊಂಡು ಹಿತ್ತಲಿಗೆ ಹೋದಳು.

ಮರದ ಗೊಡವೆ ಮಾತ್ರ ತಾನಾಗಿಯೇ ತೀರಿತು. ಹಬ್ಬ ಮುಗಿದ ಮೇಲೆ ಕೊಡಲಿ ಹಿಡಿದು ಬಂದ ಬಂಡ್ರಿಯ ಆಳನ್ನು ಅಮ್ಮನೇ ಬಾಗಿಲಲ್ಲಿ ತಡೆದು, "ಹೂ ಬಿಟ್ಟದಪ್ಪಾ, ಬ್ಯಾಡ" ಎಂದು ಕಳಿಸಿದಳು. ಜಂಬಣ್ಣ ಎರಡು ಹೂ ಕೊಯ್ದು ಅಂಗಿಯ ಜೇಬಿಗೆ ಇಟ್ಟುಕೊಂಡರು. ಬೀದಿಯ ಹೆಂಗಸರೆಲ್ಲ ಬಂದರು. ಖತೀಜಾಬಿ ಚಂಪಾ ಅಂದಳು, ಮೂಲೆಮನೆಯ ತೆಲುಗಿನ ಲಕ್ಷ್ಮಮ್ಮ ಸಂಪಂಗಿ ಅಂದಳು, ಅಮ್ಮ ಸಂಪಿಗೆ ಅಂದಳು. ಇಷ್ಟು ವರ್ಷ ಹೆಸರಿಲ್ಲದ ಮರಕ್ಕೆ ಆ ಒಂದೇ ಬೆಳಿಗ್ಗೆ ಮೂರು ಹೆಸರು.

ಕಂಪ್ಲಿಯವರು ಒಂದು ಭಾನುವಾರ ಜೀಪು ಮಾಡಿಕೊಂಡು ಬಂದರು. ಹುಡುಗ, ಅವನ ತಾಯಿ, ಸೋದರಮಾವ. ಹೊಸಪೇಟೆಯಿಂದ ಅಜ್ಜಿಯೂ ಬಂದಿದ್ದಳು. ಅಮ್ಮ ಶಿರಾ, ಉಪ್ಪಿಟ್ಟು ಮಾಡಿದ್ದಳು. ಹುಡುಗ ಮೃದುವಾಗಿ ಮಾತಾಡುವವನು, ಕಾಲೇಜೊಂದರಲ್ಲಿ ಲೆ‌ಕ್ಚರರ್. ತಾಯಿಯೂ ಸಾಧು ಹೆಂಗಸೇ. ಒಳಗೆ ಕಾಲಿಡುತ್ತಲೇ, "ಏನು ಘಮಘಮ ಅಂತದ್ರೀ ನಿಮ್ಮನಿ! ಓಣಿ ತನಕ ಬರ್ತದ" ಎಂದರು. ಅತ್ತೆಯ ಮೂಗು ನೋಡಿ ಅವರೂ ಎಲ್ಲರೂ ಅನ್ನುವ ಮಾತನ್ನೇ ಅಂದರು. ಅಜ್ಜಿ ಬೀಗಿದಳು. ತಟ್ಟೆಯಲ್ಲಿದ್ದ ಸಂಪಿಗೆಯೊಂದನ್ನು ಎತ್ತಿ ಅತ್ತೆಯ ಜಡೆಗೆ ಮುಡಿಸುತ್ತ ಹುಡುಗನ ತಾಯಿ ಸಹಜವಾಗಿ ಕೇಳಿದರು:

"ಕೆಲವ್ರಿಗೆ ಇದರ ವಾಸನಿಗೆ ತಲಿ ನೋಯ್ತದ. ನಿನಗ ಹೆಂಗವಾ, ನಡೀತದೇನು?"

"ಹೂಂರೀ" ಅಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಅಜ್ಜಿ ಅತ್ತೆಯನ್ನು ನೋಡುತ್ತಿದ್ದಳು, ಅಮ್ಮ ನೆಲ ನೋಡುತ್ತಿದ್ದಳು.

"ನನಗ ವಾಸನಿ ತಿಳಿಯೂದಿಲ್ಲರೀ" ಎಂದಳು ಅತ್ತೆ.

"ನೆಗಡಿ ಆಗೇದ ಆಕೀಗೆ" ಎಂದಳು ಅಜ್ಜಿ ಅವಸರವಾಗಿ.

"ನೆಗಡಿ ಅಲ್ಲವ್ವಾ." ಅತ್ತೆ ತಲೆ ತಗ್ಗಿಸದೆ ಎಲ್ಲವನ್ನೂ ಹೇಳಿದಳು. ಬಿದ್ದದ್ದು, ಡಾಕ್ಟರು ಅಂದದ್ದು, ಗ್ಯಾಸಿನ ಸಂಗತಿ. ಕೈಬೆರಳುಗಳು ಮಾತ್ರ ಸೀರೆಯ ಅಂಚನ್ನು ಮಡಿಸಿ ಬಿಡಿಸಿ ಮಾಡುತ್ತಿದ್ದವು.

ಸೋದರಮಾವ, "ಹುಟ್ಟೋ ಮಕ್ಕಳಿಗೆ ಏನಾದ್ರೂ..." ಎಂದು ಶುರುಮಾಡಿ ನಿಲ್ಲಿಸಿದರು. ತಾಯಿ, "ಛೇ, ಪಾಪ. ಆದ್ರ ಒಲಿ ಮುಂದ ಒಬ್ಬಾಕೀನ ಇರಬೇಕಾಗ್ತದಲ್ಲಾ" ಎಂದರು. ಹುಡುಗ ಒಮ್ಮೆ ಅತ್ತೆಯ ಕಡೆ ನೋಡಿ, ಮತ್ತೆ ತಟ್ಟೆಯ ಕಡೆ ತಿರುಗಿದ. ಶಿರಾ ತಿಂದು, ನಮಸ್ಕಾರ ಮಾಡಿ, ಅವರು ಹೊರಟರು. ಕೆಲವು ದಿನದ ಮೇಲೆ ಜಾತಕ ಇನ್ನೊಮ್ಮೆ ತೋರಿಸಿದೆವು, ಕೂಡಿ ಬರಲಿಲ್ಲ ಎಂದು ಹೇಳಿ ಕಳಿಸಿದರು.

ಅಜ್ಜಿ ಅವತ್ತು ಊಟ ಮಾಡಲಿಲ್ಲ. "ನಿನ್ನ ಬಾಯಿ ಒಂದು ಸ್ವಲ್ಪ ತಡೀಲಿಲ್ಲಲ್ಲ" ಎಂದಷ್ಟೇ ಅಂದಳು. ನನಗೂ ಅತ್ತೆಯ ಮೇಲೆ ಸಿಟ್ಟು ಬಂದಿತ್ತು. ಹೊಸ ಲಂಗ ಹೊಲಿಸುವ ಮಾತಾಗಿತ್ತು, ಮದುವೆಯಲ್ಲಿ ಕಂಪ್ಲಿಯ ಹೊಳೆ ನೋಡುವುದಿತ್ತು. ಹಿತ್ತಲಲ್ಲಿ ಎಲೆ ಒರೆಸುವಾಗ ಕೇಳಿಯೇಬಿಟ್ಟೆ: "ಯಾಕ ಹೇಳಿದಿ ಅತ್ತಿ? ನಾನು ಜೊತೀಗೇ ಬಂದು ಇರ್ತಿದ್ನಲ್ಲ, ಎಲ್ಲಾ ಹೇಳಿಕೊಡ್ತಿದ್ದೆ."

ಅತ್ತೆ ನಗಲಿಲ್ಲ. ದೊಡ್ಡವರಿಗೆ ಹೇಳುವಂತೆಯೇ ನನಗೆ ಹೇಳಿದಳು.

"ಹೇಳದ ಹೋಗಿದ್ರ ಜನ್ಮಪೂರ್ತಿ ಮೂಸಿದಂಗ ನಟನಿ ಮಾಡಬೇಕಾಗತಿತ್ತು ಸುಮಿ. ಹೂ ಕೊಟ್ರ ಆಹಾ ಅನ್ನಬೇಕು. ಹಾಲು ಹೊತ್ತಿದ್ರ ಅಯ್ಯೋ ಅನ್ನಬೇಕು. ಯಾವಾಗ ಆಹಾ, ಯಾವಾಗ ಅಯ್ಯೋ ಅಂತ ಮಂದಿ ಮಾರಿ ನೋಡಕೋತ ಕೂಡಬೇಕು. ನನ್ನ ಕೈಲೆ ಆಗೂದಿಲ್ಲವಾ."

ಜೂನ್ ತಿಂಗಳಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಅವಳು ಹೊಸಪೇಟೆಗೆ ಹೋದಳು. ವಾಸನೆ ತಿರುಗಿ ಬರಲಿಲ್ಲ, ಇವತ್ತಿಗೂ ಇಲ್ಲ. ಕೆಲವು ವರ್ಷದ ಮೇಲೆ ಅದೇ ಶಾಲೆಯ ಡ್ರಾಯಿಂಗ್ ಮಾಸ್ತರರು, ಎಲ್ಲವೂ ಗೊತ್ತಿದ್ದವರು, ಅಜ್ಜಿಯ ಮುಂದೆ ಬಂದು ಕೂತು ತಾವಾಗಿಯೇ ಕೇಳಿದರು. ಅವರು ನನ್ನ ಮಾಮನಾದರು. ಬೆಳಿಗ್ಗೆ ಗ್ಯಾಸು ಹಚ್ಚುವುದು, ರಾತ್ರಿ ಆರಿಸಿ ನೋಡುವುದು ಅವರ ಪಾಲಿನ ಕೆಲಸ. ವಾಸನೆ ಹೇಳುವುದೂ ಅವರದೇ. ಅವರದು ಬಣ್ಣದ ಭಾಷೆ. ಮಲ್ಲಿಗೆಗೆ, "ಬಿಳಿ ಅಲ್ಲ ವತ್ಸಲಾ, ಬಿಳಿಯೊಳಗ ಒಂದು ಹನಿ ನೀಲಿ" ಅನ್ನುತ್ತಿದ್ದರು. ಹೊಸ ಬೆಲ್ಲ ಬಂದರೆ ಕಂದು ಬಣ್ಣಕ್ಕೆ ಕೆಂಪು ಬೆರೆಸುತ್ತಿದ್ದರು. ನಾನು ರಜೆಗೆ ಹೋದಾಗ ಇದನ್ನೆಲ್ಲ ಕೇಳಿ, ಮೊದಮೊದಲು ನನ್ನ ಜಾಗ ಯಾರೋ ಕಿತ್ತುಕೊಂಡಂತೆ ಹೊಟ್ಟೆಕಿಚ್ಚುಪಟ್ಟದ್ದುಂಟು.

ಅಪ್ಪನ ಕೆಲಸ ಬದಲಾಗಿ ನಾವು ಸಂಡೂರು ಬಿಟ್ಟೆವು. ಈಗ ಅಲ್ಲಿ ಲಾರಿಗಳು ಆಗಿನಷ್ಟಿಲ್ಲ. ಮಳೆಗಾಲದಲ್ಲಿ ಬಸ್ಸಿನಲ್ಲಿ ಹೋದರೆ ಗುಡ್ಡಗಳು ಕಣ್ಣು ತುಂಬುವಷ್ಟು ಹಸಿರು. ನಮ್ಮ ಆ ಮನೆ ಇದ್ದಲ್ಲಿ ಮೂರಂತಸ್ತಿನ ಕಟ್ಟಡವಿದೆ, ಹಿತ್ತಲು ಅನ್ನುವುದೇ ಇಲ್ಲ. ಜಂಬಣ್ಣನವರಿಲ್ಲ. ಖತೀಜಾಬಿ ಎಲ್ಲಿದ್ದಾಳೋ ಗೊತ್ತಿಲ್ಲ. ನಾನು ಬಳ್ಳಾರಿಯಲ್ಲಿ ಕೆಲಸ ಮಾಡುತ್ತೇನೆ. ದಿನಕ್ಕೆ ಎಷ್ಟೋ ವಾಸನೆಗಳು ಮೂಗಿಗೆ ತಾಗಿ ಹೋಗುತ್ತವೆ. ಯಾವುದಕ್ಕೂ ನಿಂತು, ಇದು ಯಾವುದರಂತೆ ಎಂದು ಕೇಳಿಕೊಳ್ಳುವುದಿಲ್ಲ.

ಮಾಮ ತೀರಿಕೊಂಡು ವರ್ಷವಾಗುತ್ತ ಬಂದಿದೆ. ಈ ಚೈತ್ರದಲ್ಲಿ ಅತ್ತೆಯನ್ನು ನೋಡಲು ಹೊಸಪೇಟೆಗೆ ಹೋಗಿದ್ದೆ. ಊಟವಾದ ಮೇಲೆ ಅವಳು ಕಪಾಟಿನಿಂದ ಮಾಮನ ಶಾಲು ತೆಗೆದು ನನ್ನ ತೊಡೆಯ ಮೇಲಿಟ್ಟಳು. ಕಂದು ಬಣ್ಣದ್ದು, ಚಳಿಗಾಲದಲ್ಲಿ ಅವರು ಹೊದೆಯುತ್ತಿದ್ದದ್ದು.

"ಇದನ್ನ ತೊಳೀದ ಹಂಗೇ ಇಟ್ಟೀನಿ ಸುಮಿ. ಒಂದು ಸ್ವಲ್ಪ ಮೂಸಿ ನೋಡಿ ಹೇಳತಿಯೇನು? ಅವರ ವಾಸನಿ ಹೆಂಗಿತ್ತು ಅಂತ ನನಗ ಗೊತ್ತೇ ಇಲ್ಲ. ಎಲ್ಲಾದರದೂ ಹೇಳತಿದ್ರು. ತಮ್ಮದು ತಮಗ ಹೆಂಗ ತಿಳೀಬೇಕು, ಪಾಪ?"

ನಾನು ಶಾಲನ್ನು ಮುಖಕ್ಕೆ ಒತ್ತಿಕೊಂಡೆ. ಮಡಿಕೆ ಬಿಚ್ಚಿ, ಕೊರಳಿಗೆ ತಾಗುವ ಅಂಚನ್ನು ಹುಡುಕಿ ಮತ್ತೆ ಮೂಸಿದೆ. ಕಣ್ಣು ಮುಚ್ಚಿ ಹುಡುಕಿದೆ. ಏನಾದರೂ ಕಟ್ಟಿ ಹೇಳಬಹುದಿತ್ತು. ಅವಳ ಮುಖ ನೋಡಿದೆ, ಆಗಲಿಲ್ಲ.

"ಇಲ್ಲ ಅತ್ತಿ. ನುಸಿ ಗುಳಿಗಿ ವಾಸನಿ ಅದ. ಮತ್ತ ಕಪಾಟಿನ ಕಟ್ಟಿಗೀದು. ಅಷ್ಟ."

"ಹೌದಾ?" ಎಂದಳು. ಶಾಲನ್ನು ತೆಗೆದುಕೊಂಡು, ಅಂಚಿಗೆ ಅಂಚು ಕೂಡಿಸಿ ಮಡಿಸಿದಳು. ಅದನ್ನು ಕಪಾಟಿನಲ್ಲಿಟ್ಟು ಬಂದು, "ಖರೇ ಹೇಳಿದ್ದು ಚಲೋ ಆತು" ಎಂದಳು.

ಮಾಮನ ಪಕ್ಕದಲ್ಲಿ ಎಷ್ಟೋ ಸಲ ಕೂತಿದ್ದೇನೆ. ಅವರ ಸೈಕಲ್ಲಿನ ಹಿಂದೆ ಹೊಸಪೇಟೆಯೆಲ್ಲ ಸುತ್ತಿದ್ದೇನೆ. ಆಗ ಒಮ್ಮೆಯಾದರೂ ಗಮನ ಕೊಟ್ಟಿದ್ದರೆ ಇವತ್ತು ಹೇಳಲು ಒಂದು ಮಾತಾದರೂ ಇರುತ್ತಿತ್ತು.